ಘಟ್ಟ ಇಳಿಯುವಾಗ ಹತ್ತುವ ದೀಪ

ಸೀತಾರಾಮಪ್ಪನವರಿಗೆ ಎರಡೂ ಕಿವಿ ಕೇಳುತ್ತಿರಲಿಲ್ಲ. ಹುಟ್ಟಿನಿಂದ ಬಂದದ್ದಲ್ಲ. ಐವತ್ತು ದಾಟಿದ ಮೇಲೆ ಮೊದಲು ಎಡಗಿವಿ ಹೋಯಿತು, ಆಮೇಲೆ ಬಲಗಿವಿ. ಅವರು ಅದಕ್ಕೆ ಕೊರಗಲಿಲ್ಲ, ಕಿವಿಯ ಕೆಲಸವನ್ನೂ ಕಣ್ಣಿಗೇ ವಹಿಸಿಬಿಟ್ಟರು. ಹೆಂಡತಿ ತುಂಗಮ್ಮನ ತುಟಿ ನೋಡಿ ಮಾತು ತಿಳಿದುಕೊಳ್ಳುತ್ತಿದ್ದರು. ಉಳಿದವರು ಕೈಸನ್ನೆ ಮಾಡಬೇಕಿತ್ತು. ಹೇಳಿದ್ದು ಬೇಡವೆನಿಸಿದರೆ ಮುಖ ಆಚೆ ತಿರುಗಿಸುತ್ತಿದ್ದರು, ಅಲ್ಲಿಗೆ ಆ ಮಾತು ಮುಗಿಯಿತು. ತೀರ್ಥಹಳ್ಳಿಯ ಸುತ್ತ ಅವರೊಂದಿಗೆ ವಾದ ಮಾಡಿ ಗೆದ್ದವರು ಯಾರೂ ಇರಲಿಲ್ಲ.

೧೯೮೩ರ ಮಳೆಗಾಲದಲ್ಲಿ ಆ ಕಣ್ಣಿಗೆ ಒಂದು ದೀಪ ಬಿತ್ತು.

ದೀಪ ಅವರ ಅಂಬಾಸಿಡರ್ ಕಾರಿನದು. ಸ್ಪೀಡು ತೋರಿಸುವ ಮುಳ್ಳಿನ ಕೆಳಗೆ, ಹುಣಸೆಬೀಜದಷ್ಟು ದೊಡ್ಡದು. ಅಲ್ಲಿ ಇದ್ದದ್ದು ಎರಡು ದೀಪ. ಬ್ಯಾಟರಿಯದ್ದು ಎಂದೋ ಸುಟ್ಟುಹೋಗಿತ್ತು, ಯಾರೂ ಬದಲಿಸಿರಲಿಲ್ಲ. ಉಳಿದದ್ದು ಆಯಿಲ್ ದೀಪ. ಇಂಜಿನ್ನಿನೊಳಗೆ ಆಯಿಲಿನ ಒತ್ತಡ ಬಿದ್ದರೆ ಅದು ಹತ್ತುತ್ತದೆ. ಕಾರು ಕೊಂಡ ದಿನ ಶಿವಮೊಗ್ಗದಲ್ಲಿ ಮಾರಿದವನು ಅದರ ಮೇಲೆ ಬೆರಳಿಟ್ಟು, "ಇದೊಂದು ಹತ್ತಿದ್ರೆ ಇದ್ದಲ್ಲೇ ನಿಲ್ಸಿ ಗೌಡ್ರೇ. ಇಲ್ಲಾಂದ್ರೆ ಇಂಜಿನ್ ಹೋಯ್ತು ಅಂತ್ಲೇ ಲೆಕ್ಕ" ಎಂದಿದ್ದ. ಆಗ ಅವರಿಗೆ ಒಂದು ಕಿವಿ ಇತ್ತು. ಅದು ಹೋಗುವ ಮೊದಲು ಕೇಳಿದ ಮಾತುಗಳಲ್ಲಿ ಇದನ್ನು ಅವರು ಮರೆತಿರಲಿಲ್ಲ.

ಆ ವರ್ಷ ತುಂಗಮ್ಮನ ಹೊಟ್ಟೆಯೊಳಗೆ ಗೆಡ್ಡೆಯಾಗಿ ಆಪರೇಷನ್ ಆಗಿತ್ತು. ಹದಿನೈದು ದಿನಕ್ಕೊಮ್ಮೆ ಇಂಜೆಕ್ಷನ್ನಿಗೆ ಮಣಿಪಾಲಕ್ಕೆ ಹೋಗಬೇಕಿತ್ತು. ಬೆಳಿಗ್ಗೆ ಆಗುಂಬೆ ಘಟ್ಟ ಇಳಿಯುವುದು, ಸಂಜೆ ಏರಿ ಬರುವುದು. ಮುಂದೆ ಸೀತಾರಾಮಪ್ಪ, ಹಿಂದಿನ ಸೀಟಿನಲ್ಲಿ ದಿಂಬು ಇಟ್ಟು ಮಲಗಿದ ತುಂಗಮ್ಮ, ಸ್ಟೀರಿಂಗ್ ಹಿಡಿದು ಡ್ರೈವರ್ ಧರ್ಮಪ್ಪ.

ಜೂನ್ ತಿಂಗಳ ಒಂದು ಬೆಳಿಗ್ಗೆ, ಮಳೆಯಲ್ಲಿ, ಘಟ್ಟದ ಮೊದಲ ತಿರುವು ದಾಟುತ್ತಲೇ ದೀಪ ಹತ್ತಿತು.

"ಏ, ದೀಪ! ದೀಪ ಹತ್ತಿತು ನೋಡಾ! ನಿಲ್ಸು!"

ಕಿವುಡರ ದನಿ ಯಾವಾಗಲೂ ದೊಡ್ಡದು. ಧರ್ಮಪ್ಪ ತುಟಿಯ ಮೇಲೆ ಬೆರಳಿಟ್ಟು ಹಿಂದಕ್ಕೆ ತೋರಿಸಿದ: ಅಮ್ಮ ಮಲಗಿದ್ದಾರೆ. ಮುಂದೆ ಮಂಜು ತೋರಿಸಿದ: ಇಲ್ಲಿ ನಿಲ್ಲಿಸಿದರೆ ಹಿಂದಿನಿಂದ ಬಸ್ಸು ಗುದ್ದುತ್ತದೆ. ಸೀತಾರಾಮಪ್ಪ ಬಾಯಿ ಮುಚ್ಚಿದರು, ಕಣ್ಣು ಮುಚ್ಚಲಿಲ್ಲ. ಘಟ್ಟದ ಬುಡದ ಸೋಮೇಶ್ವರದಲ್ಲಿ ದೀಪ ಆರಿತು. ಸಂಜೆ ಏರಿ ಬರುವಾಗ ಅದು ಕಾಣಲೇ ಇಲ್ಲ.

ಮರುದಿನ ಕಾರು ವಿಘ್ನೇಶ್ವರನ ಶೆಡ್ಡಿಗೆ ಬಂತು. ವಿಘ್ನೇಶ್ವರ ಸಾಗರದ ಕಡೆಯ ಹವ್ಯಕ. ತೋಟ ಅಣ್ಣನಿಗೆ ಬಿಟ್ಟು, ಶಿವಮೊಗ್ಗದಲ್ಲಿ ಸ್ಪ್ಯಾನರ್ ಹಿಡಿಯಲು ಕಲಿತು, ತೀರ್ಥಹಳ್ಳಿಯಲ್ಲಿ ತಗಡಿನ ಗ್ಯಾರೇಜ್ ಹಾಕಿದ್ದ. ಊರಿಗೆಲ್ಲ ಅವನು ಭಟ್ರು.

"ಭಟ್ರೇ, ಗೌಡ್ರ ಕಾರಿಗೆ ದೃಷ್ಟಿ ಆಗಿದೆ. ಒಂದು ಮಂತ್ರ ಹಾಕಿ ನೋಡುವ," ಎಂದ ಧರ್ಮಪ್ಪ.

"ಮಂತ್ರ ಬೇಕಾದ್ರೆ ನಮ್ಮಪ್ಪನ ಹತ್ರ ಹೋಗು. ನನ್ನ ಹತ್ರ ಗ್ರೀಸ್ ಮಾತ್ರ ಇರೋದು. ಎಂತ ಆಗಿದೆ ಹೇಳು."

"ಘಟ್ಟ ಇಳಿವಾಗ ಆಯಿಲ್ ದೀಪ ಹತ್ತತದಂತೆ."

"ಹತ್ತತದಂತೆ ಅಂದ್ರೆ? ನೀನು ನೋಡ್ಲಿಲ್ವಾ?"

"ನಾನು ರಸ್ತೆ ನೋಡದಾ, ದೀಪ ನೋಡದಾ?"

ವಿಘ್ನೇಶ್ವರ ಆಯಿಲ್ ಅಳತೆ ಕಡ್ಡಿ ಎಳೆದು ನೋಡಿದ, ಸರಿಯಿತ್ತು. ಒತ್ತಡ ಅಳೆಯುವ ಮೀಟರ್ ಹಾಕಿ ಇಂಜಿನ್ ಓಡಿಸಿದ, ಅದೂ ಸರಿಯಿತ್ತು. ಹಾಗಾದರೆ ದೀಪಕ್ಕೆ ಸುದ್ದಿ ಮುಟ್ಟಿಸುವ ಸ್ವಿಚ್ಚೇ ಕೆಟ್ಟಿರಬೇಕೆಂದು ಹೊಸದು ಹಾಕಿದ. ಸೀತಾರಾಮಪ್ಪ ಬಾಗಿಲಲ್ಲಿ ಸ್ಟೂಲ್ ಹಾಕಿಸಿ ಕೂತು ಅವನ ಕೈಬೆರಳುಗಳನ್ನೇ ನೋಡುತ್ತಿದ್ದರು.

ಸ್ವಿಚ್ ಕೆಟ್ಟಿರಲಿಲ್ಲ. ಧರ್ಮಪ್ಪನಿಗೆ ಅದು ಗೊತ್ತಿತ್ತು.

ಘಟ್ಟದ ಡ್ರೈವರುಗಳಲ್ಲಿ ಒಂದು ರೂಢಿಯಿದೆ. ಇಳಿಜಾರು ಶುರುವಾಗುತ್ತಲೇ ಇಂಜಿನ್ ನಿಲ್ಲಿಸಿ, ನ್ಯೂಟ್ರಲ್ಲಿಗೆ ಹಾಕಿ, ಬರೀ ಬ್ರೇಕಿನ ಮೇಲೆ ಕಾರನ್ನು ಉರುಳಲು ಬಿಡುತ್ತಾರೆ. ಪೆಟ್ರೋಲ್ ಉಳಿಯುತ್ತದೆ. ಬಿಸಿಲುಗಾಲದಲ್ಲಿ ಕೀಲಿಯನ್ನು ಪೂರ್ತಿ ಆಫ್ ಕಡೆಗೆ ತಿರುಗಿಸಿಬಿಡುವುದರಿಂದ ಯಾವ ದೀಪವೂ ಹತ್ತುವುದಿಲ್ಲ. ಮಳೆಗಾಲದಲ್ಲಿ ವೈಪರ್ ಆಡಬೇಕು, ಹಾಗಾಗಿ ಇಂಜಿನ್ ನಿಂತ ಮೇಲೆ ಕೀಲಿಯನ್ನು ಮತ್ತೆ ಆನ್ ಮಾಡಿಡಬೇಕು. ಕೀಲಿ ಆನ್ ಇದ್ದು ಇಂಜಿನ್ ನಿಂತಿದ್ದರೆ ಆಯಿಲ್ ದೀಪ ಹತ್ತಲೇಬೇಕು. ದೀಪ ತನ್ನ ಕೆಲಸ ಮಾಡುತ್ತಿತ್ತು, ಅಷ್ಟೆ.

ಆದರೆ ಸೀತಾರಾಮಪ್ಪನವರ ಕಾರಿನಲ್ಲಿ ಆ ರೂಢಿಗೆ ಜಾಗವಿರಲಿಲ್ಲ. ಹಿಂದೊಮ್ಮೆ ಅವರ ನೆಂಟರೊಬ್ಬರ ಕಾರು ನ್ಯೂಟ್ರಲ್ಲಿನಲ್ಲಿ ಇಳಿಯುತ್ತ ಬ್ರೇಕ್ ಕಾದು, ಹಿಡಿಯದೆ, ಕಣಿವೆಗೆ ಬಿದ್ದಿತ್ತು. ಅಂದೇ ಅವರು ಧರ್ಮಪ್ಪನನ್ನು ಕರೆದು ಹೇಳಿದ್ದರು: "ನಮ್ಮ ಕಾರು ಗೇರಲ್ಲೇ ಇಳೀಬೇಕು. ನ್ಯೂಟ್ರಲ್ ಹಾಕಿದ ದಿನ ಕೀಲಿ ಇಲ್ಲಿಟ್ಟು ಬಿಡಾರ ಖಾಲಿ ಮಾಡು." ಬಿಡಾರವೂ ಅವರದೇ. ಅದರಲ್ಲಿ ಧರ್ಮಪ್ಪನ ಹೆಂಡತಿ ಸರೋಜ ಮತ್ತು ಇಬ್ಬರು ಮಕ್ಕಳಿದ್ದರು. ಬೇರೆ ಕಡೆ ಅವನಿಗೆ ಒಂದು ಗೇಣು ಜಾಗವಿರಲಿಲ್ಲ. ಲಾರಿಯ ಕ್ಲೀನರ್ ಆಗಿದ್ದವನು ಆ ಸೀಟಿನಲ್ಲಿ ಕೂತ ಮೇಲೆಯೇ ಪೇಟೆಯಲ್ಲಿ ಜನ ಅವನನ್ನು ಹೆಸರು ಹಿಡಿದು ಕರೆಯತೊಡಗಿದ್ದರು. ವರ್ಷಗಟ್ಟಲೆ ಅವನು ಗೇರಿನಲ್ಲೇ ಇಳಿಸಿದ.

ಆ ಕಟ್ಟಳೆ ಮುರಿಸಿದವರು ತುಂಗಮ್ಮ. ಮೇ ತಿಂಗಳಲ್ಲಿ, ಆಪರೇಷನ್ ಆದ ಮೇಲಿನ ಮೊದಲ ಟ್ರಿಪ್ಪಿನಲ್ಲಿ, ಅವರು ತಿರುವಿಗೊಮ್ಮೆ ವಾಂತಿ ಮಾಡಿದರು. ಕೊನೆಗೆ ಸೀಟಿನ ಬೆನ್ನು ಹಿಡಿದುಕೊಂಡು, "ಧರ್ಮಪ್ಪಾ, ಆ ಸದ್ದು ಒಂದು ನಿಲ್ಸಾ ಮಾರಾಯ. ಹೊಟ್ಟೆಯೊಳಗೇ ಬೀಸಿದ ಹಂಗೆ ಆಗ್ತದೆ" ಎಂದರು. ಅವನು ಕಾರು ನಿಲ್ಲಿಸಲೆಂದೇ ನ್ಯೂಟ್ರಲ್ಲಿಗೆ ಹಾಕಿ ಕೀಲಿ ತಿರುಗಿಸಿದ. ಕಾರು ನಿಲ್ಲಲಿಲ್ಲ, ಸದ್ದಿಲ್ಲದೆ ಉರುಳಿತು. ಎರಡು ತಿರುವು ದಾಟುವಷ್ಟರಲ್ಲಿ ತುಂಗಮ್ಮ ನಿದ್ದೆ ಹೋಗಿದ್ದರು. ಪಕ್ಕದಲ್ಲಿ ಕೂತ ಸೀತಾರಾಮಪ್ಪನವರಿಗೆ ಏನೂ ಕೇಳಲಿಲ್ಲ, ಅವರ ಕಣ್ಣು ತಿರುವಿನ ಮೇಲಿತ್ತು. ಕೆಳಗಿಳಿದ ಮೇಲೆ ತುಂಗಮ್ಮ, "ಅವ್ರಿಗೆ ಹೇಳ್ಬೇಡ, ಸುಮ್ನೆ ಹೆದರ್ತಾರೆ. ಇನ್ನು ಮೇಲೆ ಹಿಂಗೇ ಇಳ್ಸು" ಎಂದರು. ಆಗ ಬಿಸಿಲಿತ್ತು. ದೀಪದ ಪ್ರಶ್ನೆ ಬರಲಿಲ್ಲ.

ಮಳೆ ಬಂದ ಮೇಲೆ ಬಂತು. ದೀಪಕ್ಕೂ ತಮ್ಮ ನಿದ್ದೆಗೂ ಸಂಬಂಧವಿದೆಯೆಂದು ತುಂಗಮ್ಮನಿಗೆ ಗೊತ್ತಿರಲಿಲ್ಲ. ಗೊತ್ತಾದರೆ ಅವರು ನಿದ್ದೆಯನ್ನೇ ಬಿಡುತ್ತಾರೆಂದು ಧರ್ಮಪ್ಪ ಹೇಳಲೂ ಇಲ್ಲ.

ಹೊಸ ಸ್ವಿಚ್ ಹಾಕಿದ ಮೇಲಿನ ಟ್ರಿಪ್ಪಿನಲ್ಲೂ ದೀಪ ಹತ್ತಿತು. ವಿಘ್ನೇಶ್ವರ ಯೋಚಿಸಿದ. ಮೇ ತಿಂಗಳಲ್ಲಿ ಹತ್ತಿಲ್ಲ, ಮಳೆ ಹಿಡಿದ ಮೇಲೆ ಹತ್ತಿದೆ. ಎಲ್ಲೋ ನೀರು ಸೇರಿ ತಂತಿ ಬಾಡಿಗೆ ತಾಗುತ್ತಿದೆ. ತಂತಿಯನ್ನೇ ಬದಲಿಸಿದ. ಮತ್ತೆ ಹತ್ತಿತು. ಅವನ ತರ್ಕದಲ್ಲಿ ತಪ್ಪಿರಲಿಲ್ಲ, ಅವನಿಗೆ ಸಿಕ್ಕ ಸುದ್ದಿಯಲ್ಲಿತ್ತು.

ಕೊನೆಗೆ ಅವನು, "ನಾನೇ ಬರ್ತೇನೆ, ಘಟ್ಟ ಇಳಿಸಿ ತೋರ್ಸಿ" ಎಂದ. ಆಸ್ಪತ್ರೆಯಿಲ್ಲದ ಒಂದು ದಿನ ಮೂವರೂ ಹೊರಟರು. ಜೋರು ಮಳೆ. ವಿಘ್ನೇಶ್ವರ ಹಿಂದಿನ ಸೀಟಿನಿಂದ ಕುತ್ತಿಗೆ ಚಾಚಿ ದೀಪವನ್ನೇ ನೋಡುತ್ತಿದ್ದ. ಧರ್ಮಪ್ಪ ಎರಡನೇ ಗೇರಿನಲ್ಲಿ, ಇಂಜಿನ್ ಗುರುಗುಟ್ಟಿಸುತ್ತ, ಕೆಳಗಿನವರೆಗೂ ಇಳಿಸಿದ. ದೀಪ ಹತ್ತಲಿಲ್ಲ.

"ಧರ್ಮಪ್ಪ, ನಿಜ ಹೇಳು," ಎಂದ ವಿಘ್ನೇಶ್ವರ. ಸೀತಾರಾಮಪ್ಪನವರ ಬೆನ್ನ ಹಿಂದೆ ಏನು ಬೇಕಾದರೂ ಮಾತಾಡಬಹುದಿತ್ತು. "ಬೇರೆ ದಿನ ಇಂಜಿನ್ ಆಫ್ ಮಾಡಿ ಇಳಿಸ್ತಿಯಾ?"

"ಛೇ, ಎಂತ ಮಾತು ಭಟ್ರೇ! ಗೌಡ್ರು ಪಕ್ಕದಲ್ಲೇ ಕೂತಿರ್ತಾರೆ."

"ಅವ್ರಿಗೆ ಕೇಳ್ತದಾ?"

"ಕಣ್ಣಿಲ್ವಾ? ನಮ್ಮ ಮನೆ ಕೋಳಿ ಮೊಟ್ಟೆ ಇಡೋದು ನಮಗಿಂತ ಮೊದ್ಲು ಅವ್ರಿಗೆ ಗೊತ್ತಾಗ್ತದೆ."

ವಿಘ್ನೇಶ್ವರ ನಕ್ಕ, ನಂಬಿದ. ಸೀತಾರಾಮಪ್ಪ ಮಾತ್ರ ತಮ್ಮಷ್ಟಕ್ಕೆ, ಗಟ್ಟಿಯಾಗಿ ಹೇಳಿದರು: "ಇವತ್ತು ಕಾರು ಒರಟಾಗಿ ಇಳೀತು. ಆಸ್ಪತ್ರೆಗೆ ಹೋಗೋ ದಿನ ಮೆತ್ತಗೆ ಇಳೀತದೆ." ಅವರ ಅಂಗಾಲಿಗೆ ತಿಳಿದದ್ದನ್ನು ಅವರು ಹೇಳಿದ್ದರು. ಕಿವುಡರ ಮಾತೆಂದು ಹಿಂದೆ ಕೂತವನು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಸ್ಟೀರಿಂಗ್ ಹಿಡಿದವನು ತೆಗೆದುಕೊಂಡ.

ಮುಂದಿನ ಟ್ರಿಪ್ಪಿನಲ್ಲಿ ದೀಪ ಮತ್ತೆ ಹತ್ತಿದಾಗ ಸೀತಾರಾಮಪ್ಪ ನೇರವಾಗಿ ಶೆಡ್ಡಿಗೆ ಬಂದು ನಿಂತರು.

"ನೀನು ಬಂದ ದಿನ ಹತ್ತಲ್ಲ. ನೀನಿಲ್ಲದ ದಿನ ಹತ್ತತದೆ. ಒಂದೋ ನಿಂಗೆ ಕೆಲಸ ಬರಲ್ಲ, ಇಲ್ಲಾ ಕಾರು ಮತ್ತೆ ಮತ್ತೆ ಬರ್ಲಿ ಅಂತ ಬೇಕಂತ್ಲೇ ಬಿಡ್ತೀಯ. ಮುಂದಿನ ಆಸ್ಪತ್ರೆ ಟ್ರಿಪ್ಪಿನ ಮಾರನೇ ದಿನ, ಮಂಗಳವಾರ, ಬನದ ಚೌಡಿ ಹತ್ರ ಬಾ. ಮೋಸ ಮಾಡಿಲ್ಲ ಅಂತ ಆಣೆ ಮಾಡು. ಧರ್ಮಪ್ಪನೂ ಮಾಡ್ಲಿ, ಗೇರಲ್ಲೇ ಇಳ್ಸಿದ್ದು ಅಂತ. ಯಾರ ಕಡೆ ತಪ್ಪು ಅಂತ ಅಲ್ಲೇ ಗೊತ್ತಾಗ್ತದೆ."

ಬೇಲಿ ಸರಿದದ್ದಕ್ಕೆ, ಕಳವಿಗೆ, ಹೊಲಗದ್ದೆಯ ಜಗಳಕ್ಕೆ ಆ ಕಡೆಯವರು ಹೋಗುತ್ತಿದ್ದದ್ದು ಅಲ್ಲಿಗೇ. ಒದ್ದೆ ಬಟ್ಟೆಯಲ್ಲಿ ಆ ದೇವತೆಯ ಕಲ್ಲಿನ ಮುಂದೆ ನಿಂತು, ತೆಂಗಿನಕಾಯಿ ಹಿಡಿದು ಆಣೆ ಮಾಡಿ, ಒಡೆಯುವುದು. ಸುಳ್ಳು ಆಣೆ ಮಾಡಿದವನ ಮಕ್ಕಳ ಮೇಲೆ ಬರುತ್ತದೆ ಎಂಬುದು ನಂಬಿಕೆ. ಕಾರಿನ ದೀಪವನ್ನು ಚೌಡಿಯ ಮುಂದೆ ಪರೀಕ್ಷಿಸಲು ಹೊರಟದ್ದು ಅವರೇ ಮೊದಲು.

ವಿಘ್ನೇಶ್ವರ ಆಗಲೆಂದು ತಲೆಯಾಡಿಸಿದ. ಅವನಿಗೆ ಹೆದರಿಕೆಗೆ ಕಾರಣವಿರಲಿಲ್ಲ. ಧರ್ಮಪ್ಪನ ತಲೆ ಆಡಲಿಲ್ಲ.

ಮಂಗಳವಾರಕ್ಕೆ ಮೊದಲು ಸೋಮವಾರದ ಆಸ್ಪತ್ರೆ ಟ್ರಿಪ್ ಇತ್ತು. ದೀಪ ಹತ್ತದಿದ್ದರೆ ಜಗಳವಿಲ್ಲ, ಜಗಳವಿಲ್ಲದಿದ್ದರೆ ಆಣೆಯಿಲ್ಲ. ಭಾನುವಾರ ಕಾರು ತೊಳೆಯುತ್ತ ಧರ್ಮಪ್ಪ ಬಾನೆಟ್ ಎತ್ತಿದ. ಸ್ವಿಚ್ಚಿನಿಂದ ತಂತಿಯನ್ನು ಕಿತ್ತ. ತುದಿಗೆ ಕಪ್ಪು ಟೇಪ್ ಸುತ್ತಿ ಹಿಂದಕ್ಕೆ ಸಿಕ್ಕಿಸಿದ. ಕೀಲಿ ತಿರುಗಿಸಿದಾಗ ದೀಪ ಒಮ್ಮೆ ಮಿನುಗಬೇಕಾದದ್ದು ಇನ್ನು ಮಿನುಗುವುದಿಲ್ಲ. ಆದರೆ ಕಾರನ್ನು ಸ್ಟಾರ್ಟ್ ಮಾಡಿ ಬಾಗಿಲಿಗೆ ತರುವವನು ಅವನೇ, ಗೌಡರು ಹತ್ತುವುದು ಆಮೇಲೆ. ಅದು ಅವರ ಕಣ್ಣಿಗೆ ಬೀಳುವ ಸಂಭವವಿರಲಿಲ್ಲ.

ಸೋಮವಾರ ಅವರು ಆಗುಂಬೆಯಿಂದ ಸೋಮೇಶ್ವರದವರೆಗೆ ರೆಪ್ಪೆ ಬಡಿಯದೆ ಕೂತರು. ಮಳೆ ಸುರಿಯಿತು, ವೈಪರ್ ಆಡಿತು, ಕಾರು ಮೆತ್ತಗೆ ಇಳಿಯಿತು, ತುಂಗಮ್ಮ ಮಲಗಿದರು. ದೀಪ ಹತ್ತಲಿಲ್ಲ.

"ಭಟ್ಟ ಮಾಡ್ದ ಕಣಾ!" ಎಂದು ಅವರು ಧರ್ಮಪ್ಪನ ತೊಡೆಗೆ ಹೊಡೆದು ನಕ್ಕರು. "ಚೌಡಿ ಹೆಸ್ರು ಹೇಳಿದ್ದಕ್ಕೇ ಕೆಲ್ಸ ಬಂತು."

ಆಣೆಯ ಮಾತು ಬಿದ್ದುಹೋಯಿತು. ಬದಲಿಗೆ ವಿಘ್ನೇಶ್ವರನ ಮನೆಗೆ ಒಂದು ಬಾಳೆಗೊನೆ ಬಂತು.

"ಎಂತ ಆಗಿತ್ತು ಆ ಕಾರಿಗೆ?" ಎಂದು ಹೆಂಡತಿ ವೇದಾವತಿ ಕೇಳಿದಳು.

"ಗೊತ್ತಿಲ್ಲೆ."

"ಮತ್ತೆ ಗೊನೆ ಎಂತಕ್ಕೆ?"

"ಸರಿ ಆತು ಹೇಳಿ ಗೌಡ್ರು ಕಳ್ಸಿದ್ದು."

ಬೇಡವೆಂದು ವಾಪಸು ಕಳಿಸಬಹುದಿತ್ತು. ಕಳಿಸಲಿಲ್ಲ. ಗೌಡರ ಕಾರನ್ನು ಸರಿಮಾಡಿದವನೆಂದು ಹೊಸನಗರದ ಕಡೆಯಿಂದಲೂ ಎರಡು ಗಾಡಿ ಬಂದವು. ಗೊನೆ ಹಣ್ಣಾಯಿತು, ಮನೆಯವರೆಲ್ಲ ತಿಂದರು.

ಅಕ್ಟೋಬರಿನಲ್ಲಿ ಮಳೆ ನಿಂತಿತು. ಇನ್ನು ಕೀಲಿ ಪೂರ್ತಿ ತಿರುಗಿಸಿಯೇ ಇಳಿಸಬಹುದಿತ್ತು, ತಂತಿಯನ್ನು ಮತ್ತೆ ಜೋಡಿಸಬಹುದಿತ್ತು. ಧರ್ಮಪ್ಪ ನಾಳೆ ಮಾಡಿದರಾಯಿತೆಂದು ಬಿಟ್ಟ. ಕೈಗೆ ಕೆಲಸವಿಲ್ಲದ ಭಾನುವಾರಗಳು ಎಷ್ಟೋ ಹೋದವು.

ಹಾಗೆ ಒಂದು ಸಂಜೆ ಮಣಿಪಾಲದಿಂದ ಬರುವಾಗ, ಹೆಬ್ರಿ ದಾಟಿದ ಮೇಲೆ, ಮಳೆಗೆ ಕಿತ್ತ ರಸ್ತೆಯಲ್ಲಿ ಒಂದು ಕಲ್ಲು ಕಾರಿನ ಹೊಟ್ಟೆಗೆ ಬಡಿಯಿತು. ಬಡಿದದ್ದು ಆಯಿಲ್ ತುಂಬಿರುವ ತಗಡಿನ ತಟ್ಟೆಗೆ. ಅದರ ಕೆಳಗಿನ ನಟ್ಟಿನ ಬುಡ ಬಿರಿದು ಆಯಿಲ್ ಸೋರತೊಡಗಿತು. ಘಟ್ಟ ಅರ್ಧ ಏರಿದಾಗ ಇಂಜಿನ್ನಿನೊಳಗಿಂದ ಚಟಚಟ ಸದ್ದು ಶುರುವಾಯಿತು.

ಧರ್ಮಪ್ಪನಿಗೆ ಆ ಸದ್ದು ಏನೆಂದು ತಕ್ಷಣ ಗೊತ್ತಾಯಿತು. ಆಗಲೇ ನಿಲ್ಲಿಸಿದ್ದರೆ ಇಂಜಿನ್ ಉಳಿಯುತ್ತಿತ್ತು. ಆದರೆ ಕಾರು ಎಲ್ಲಿ ನಿಂತರೂ ಸೀತಾರಾಮಪ್ಪ ಇಳಿದು ಬಾನೆಟ್ಟಿನ ಪಕ್ಕ ಬಂದು ನಿಲ್ಲುವವರು. ಟೇಪ್ ಸುತ್ತಿದ ತಂತಿ ಅವರಿಗಲ್ಲದೆ ಇನ್ಯಾರಿಗೆ ಕಾಣಬೇಕು? ಆಗುಂಬೆ ಮುಟ್ಟಿದರೆ ಅವರು ಕಾಫಿಗೆ ಹೋಟೆಲಿನೊಳಗೆ ಹೋಗುತ್ತಾರೆ. ಅಷ್ಟರಲ್ಲಿ ತಂತಿ ಜೋಡಿಸಿ ಆಯಿಲ್ ಸುರಿಯಬಹುದು. ಇನ್ನು ಅರ್ಧ ಘಟ್ಟ.

"ಧರ್ಮಪ್ಪಾ, ಅದೆಂತ ಸದ್ದಾ?" ಹಿಂದಿನಿಂದ ತುಂಗಮ್ಮ ಕೇಳಿದರು.

"ರಸ್ತೆ ಸರಿ ಇಲ್ಲಮ್ಮ. ಕಲ್ಲು ಹಾರತದೆ."

ಸೀತಾರಾಮಪ್ಪ ದೀಪ ನೋಡಿದರು. ಹತ್ತಿರಲಿಲ್ಲ. ನಿಶ್ಚಿಂತೆಯಿಂದ ಎಲೆಯಡಿಕೆ ಬಾಯಿಗೆ ಹಾಕಿಕೊಂಡರು.

ಚಟಚಟ ಹೋಗಿ ಡಬಡಬ ಆಯಿತು. ಮೇಲಿನ ತಿರುವುಗಳಲ್ಲೊಂದರಲ್ಲಿ ಇಂಜಿನ್ ಒಮ್ಮೆ ಕಿರುಚಿ, ಕಚ್ಚಿಕೊಂಡು ನಿಂತಿತು. ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಮರದ ಲಾರಿಯೊಂದನ್ನು ನಿಲ್ಲಿಸಿ, ಇಂಜೆಕ್ಷನ್ ಚುಚ್ಚಿಸಿಕೊಂಡು ಬಂದಿದ್ದ ತುಂಗಮ್ಮನನ್ನು ಕ್ಯಾಬಿನ್ನಿಗೆ ಎತ್ತಿ ಕೂರಿಸಬೇಕಾಯಿತು. ಕತ್ತಲಾಗಿತ್ತು, ಬಾನೆಟ್ ಎತ್ತಿ ನೋಡಲು ಯಾರಿಗೂ ಹೊತ್ತಿರಲಿಲ್ಲ.

ಮರುದಿನ ಕಾರನ್ನು ಎಳೆಸಿ ತಂದರು. ವಿಘ್ನೇಶ್ವರ ಬಾನೆಟ್ ಎತ್ತಿದ. ಅವನ ಕಣ್ಣು ಹೋಗುವ ಮೊದಲೇ ಸೀತಾರಾಮಪ್ಪನವರ ಬೆರಳು ಹೋಯಿತು. ಟೇಪ್ ಸುತ್ತಿದ ತಂತಿಯನ್ನು ಎಳೆದು ಹಿಡಿದರು.

"ಇದು ಯಾರ ಕೆಲ್ಸ?"

ವಿಘ್ನೇಶ್ವರ ನಾನಲ್ಲವೆಂದು ಎರಡೂ ಕೈಯಾಡಿಸಿದ.

"ದೀಪ ಸರಿಮಾಡ್ಲಿಕ್ಕೆ ಬರ್ದೆ ತಂತಿ ಕಿತ್ತಿಟ್ಟೆ. ನಾನು ಕಳ್ಸಿದ ಗೊನೆ ತಿಂದೆ. ಈಗ ನನ್ನ ಇಂಜಿನ್ನೂ ತಿಂದೆ. ಮಂಗಳವಾರ ಚೌಡಿ ಹತ್ರ ಬಾ. ಧರ್ಮಪ್ಪ, ನೀನೂ."

ಅವರು ಹೋದ ಮೇಲೆ ವಿಘ್ನೇಶ್ವರ ಧರ್ಮಪ್ಪನ ಮುಖ ನೋಡಿದ. "ನೀನಾ?"

ಧರ್ಮಪ್ಪ ತಂತಿಯ ತುದಿಯ ಟೇಪ್ ಬಿಚ್ಚತೊಡಗಿದ.

"ನಾನು ಆಣೆ ಮಾಡ್ತೇನೆ. ನಂಗೆ ಮಾಡ್ಲಿಕ್ಕೆ ಏನು ತೊಂದ್ರೆ ಇಲ್ಲ. ಆದ್ರೆ ನನ್ನ ಕಾಯಿ ಒಡೆದ ಮೇಲೆ ಇನ್ನೊಂದು ಕಾಯಿ ನಿನ್ನ ಕೈಗೆ ಬರ್ತದೆ. ಅದು ನೆನಪಿರ್ಲಿ."

ಮಂಗಳವಾರ ಬನಕ್ಕೆ ತುಂಗಮ್ಮನೂ ಬಂದಿದ್ದರು, ಶಾಲು ಹೊದ್ದು, ಕಟ್ಟೆಯ ಮೇಲೆ ಕೂತು. ಯಾವುದಕ್ಕೆ ಆಣೆ ಎಂದು ಅವರಿಗೆ ಪೂರ್ತಿ ಗೊತ್ತಿರಲಿಲ್ಲ. ವಿಘ್ನೇಶ್ವರ ಒದ್ದೆ ಪಂಚೆಯಲ್ಲಿ ನಡುಗುತ್ತ ಕಾಯಿ ಎತ್ತಿದ. ಆಗ ಧರ್ಮಪ್ಪ ಮುಂದೆ ಬಂದು ಅವನ ಕೈ ಹಿಡಿದ. ಸರೋಜ ಮಕ್ಕಳನ್ನು ಕರೆದುಕೊಂಡು ಬಂದು ಹಿಂದೆ ನಿಂತಿದ್ದಳು. ಅವನು ಅವರ ಕಡೆ ನೋಡಲಿಲ್ಲ.

ಕಿವುಡರಿಗೆ ತಪ್ಪೊಪ್ಪಿಕೊಳ್ಳುವುದು ಸುಲಭವಲ್ಲ. ಬಾಯಲ್ಲಿ ಹೇಳಿ ತಲೆ ತಗ್ಗಿಸಿದರೆ ಮುಗಿಯುವುದಿಲ್ಲ. ಎಲ್ಲವನ್ನೂ ಮಾಡಿಯೇ ತೋರಿಸಬೇಕು. ಧರ್ಮಪ್ಪ ಚೌಡಿಯ ಮುಂದಿನ ಮಣ್ಣಿನಲ್ಲಿ ಕುಕ್ಕರುಗಾಲಲ್ಲಿ ಕೂತು ಇಲ್ಲದ ಸ್ಟೀರಿಂಗ್ ಹಿಡಿದ. ಕೀಲಿ ತಿರುಗಿಸಿದ. ಗೇರನ್ನು ನ್ಯೂಟ್ರಲ್ಲಿಗೆ ತಳ್ಳಿದ. ಎಡಕ್ಕೆ ಬಲಕ್ಕೆ ವಾಲುತ್ತ ಘಟ್ಟ ಇಳಿದ. ಬೆರಳ ತುದಿ ಕೂಡಿಸಿ ದೀಪ ಹತ್ತಿಸಿದ. ಎದ್ದು ನಿಂತು ಬಾನೆಟ್ ಎತ್ತಿದ, ತಂತಿ ಕಿತ್ತ, ಟೇಪ್ ಸುತ್ತಿದ. ಮತ್ತೆ ಕೂತು ಘಟ್ಟ ಏರಿದ, ಕಿವಿಯನ್ನು ಮುಟ್ಟಿ ಸದ್ದು ಕೇಳಿದ್ದನ್ನು ತೋರಿಸಿದ, ಆದರೂ ನಿಲ್ಲಿಸಲಿಲ್ಲವೆಂದು ತಲೆಯಾಡಿಸಿದ. ಯಾರೂ ನಗಲಿಲ್ಲ. ಸೀತಾರಾಮಪ್ಪ ಒಂದು ಸನ್ನೆಯನ್ನೂ ಬಿಡದೆ ನೋಡಿದರು.

ತುಂಗಮ್ಮನಿಗೆ ಆಗ ಅರ್ಥವಾಯಿತು. ಕಟ್ಟೆಯಿಂದ ಇಳಿದು ಗಂಡನ ಎದುರು ಬಂದು ನಿಂತರು. "ನಾನೇ ಹೇಳಿದ್ದು. ನಂಗೆ ಆ ಸದ್ದು ತಡೀಲಿಕ್ಕಾಗ್ಲಿಲ್ಲ. ಅವಂದೆಂತದೂ..."

ಸೀತಾರಾಮಪ್ಪ ಮುಖವನ್ನು ಮರದ ಕಡೆ ತಿರುಗಿಸಿದರು.

ತುಂಗಮ್ಮ ಸುತ್ತಿ ಆ ಕಡೆ ಹೋಗಿ ಮತ್ತೆ ಶುರುಮಾಡಿದರು. ಅವರು ಈ ಕಡೆ ತಿರುಗಿದರು. ಇನ್ನೊಮ್ಮೆ ಸುತ್ತುವ ಶಕ್ತಿ ತುಂಗಮ್ಮನಲ್ಲಿರಲಿಲ್ಲ. ಶಾಲನ್ನು ಬಿಗಿದುಕೊಂಡು ಹೋಗಿ ಕಟ್ಟೆಯ ಮೇಲೆ ಕೂತರು.

ಸೀತಾರಾಮಪ್ಪ ಧರ್ಮಪ್ಪನ ಕಡೆ ಕೈ ಚಾಚಿದರು. ಅವನು ಕೀಲಿ ಕೊಟ್ಟ. ಕಾಯಿಯನ್ನು ಯಾರೂ ಒಡೆಯಲಿಲ್ಲ.

ಧರ್ಮಪ್ಪ ಮಾಸ್ತಿಕಟ್ಟೆಯಲ್ಲಿ ಡ್ಯಾಮಿನ ಕೆಲಸಕ್ಕೆ ಕಲ್ಲು ಹೊರುವ ಲಾರಿ ಹಿಡಿದ. ಸರೋಜ ಮಕ್ಕಳೊಂದಿಗೆ ಹೊಸನಗರದ ತವರಿಗೆ ಹೋದಳು. ವಿಘ್ನೇಶ್ವರನ ಮೇಲಿನ ಆರೋಪ ಹೋಯಿತು, ಆದರೆ ಮಾಡದ ಕೆಲಸಕ್ಕೆ ಗೊನೆ ತಿಂದದ್ದು ಹೋಗಲಿಲ್ಲ. ಗೌಡರ ಕಾರು ಮತ್ತೆ ಅವನ ಶೆಡ್ಡಿಗೆ ಬರಲಿಲ್ಲ. ಶಿವಮೊಗ್ಗದಲ್ಲಿ ಬೇರೆ ಇಂಜಿನ್ ಕೂರಿಸಿದರು, ಎರಡು ದೀಪಕ್ಕೂ ಹೊಸ ಬಲ್ಬು ಹಾಕಿಸಿದರು. ಹೊಸ ಡ್ರೈವರ್ ಗೇರಿನಲ್ಲೇ ಇಳಿಸಿದ, ದೀಪ ಹತ್ತಲಿಲ್ಲ. ತುಂಗಮ್ಮ ಪ್ರತಿ ತಿರುವಿನಲ್ಲೂ ವಾಂತಿ ಮಾಡಿಕೊಂಡು ಉಳಿದ ಇಂಜೆಕ್ಷನ್ನುಗಳನ್ನೆಲ್ಲ ಮುಗಿಸಿದರು. ಬದುಕಿಕೊಂಡರು.

ಹೋದದ್ದು ಇಷ್ಟು: ಒಂದು ಇಂಜಿನ್, ಒಂದು ಬಿಡಾರ, ಗ್ಯಾರೇಜಿಗೆ ಒಬ್ಬ ಗಿರಾಕಿ, ಘಟ್ಟ ಇಳಿಯುವಾಗಿನ ಅರ್ಧ ಗಂಟೆ ನಿದ್ದೆ.